ಕಾಯ್ದೆ ಬಂದಿದೆ, ಕಲಮುಗಳು ಇನ್ನೂ ದಾರಿಯಲ್ಲಿವೆ

ವಾಡಿ–ರಾಯಚೂರು ಮಾರ್ಗದಲ್ಲಿ ಓಡುವ ಗಾಡಿಗಳೆಲ್ಲ ನಾಲವಾರದಲ್ಲಿ ನಿಲ್ಲುವುದಿಲ್ಲ. ದೆಹಲಿಯಲ್ಲಿ ಪಾಸಾದ ಕಾಯ್ದೆಗಳದೂ ಅದೇ ಪಾಡು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ನಿಯಮಗಳು ರಾಜ್ಯಪತ್ರದಲ್ಲಿ ಬಂದದ್ದು 2025ರ ನವೆಂಬರ್‌ ಎರಡನೇ ವಾರದಲ್ಲಿ. ಅಷ್ಟಾದರೂ ಎಲ್ಲ ಕಲಮುಗಳು ಒಂದೇ ದಿನ ಜಾರಿಯಾಗಲಿಲ್ಲ. ಬೇರೆ ಬೇರೆ ಕಲಮಿಗೆ ಬೇರೆ ಬೇರೆ ದಿನ ಗೊತ್ತುಮಾಡುವ ಅಧಿಕಾರವನ್ನು ಕಾಯ್ದೆಯೇ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಹಾಗಾಗಿ ‘ಕಾನೂನು ಇದೆಯೋ ಇಲ್ಲವೋ’ ಎಂದು ಕೇಳಿದರೆ ಉಪಯೋಗವಿಲ್ಲ. ಯಾವ ಕಲಮು, ಯಾವತ್ತಿನಿಂದ, ಯಾರಿಗೆ ಎಂದು ಕೇಳಬೇಕು. ಚಿತ್ತಾಪುರ, ಸೇಡಂ, ಶಹಾಬಾದ್, ಚಿಂಚೋಳಿಯ ಝೆರಾಕ್ಸ್ ಅಂಗಡಿಗಳ ಮುಂದೆ ಆಧಾರ್ ಕಾರ್ಡು ಹಿಡಿದು ನಿಲ್ಲುವವರು ಈ ಲೆಕ್ಕವನ್ನು ಮೊದಲು ತಿಳಿದುಕೊಂಡಿರುವುದು ಒಳ್ಳೆಯದು.

ಮೊದಲ ಕೆಲಸ, ದಿನಾಂಕ ನೋಡುವುದು. ಈಗಿರುವ ಅಧಿಸೂಚನೆಯ ಪ್ರಕಾರ ಮೂರು ಕಂತುಗಳಿವೆ. ದತ್ತಾಂಶ ಸಂರಕ್ಷಣಾ ಮಂಡಳಿಯ ರಚನೆಗೆ ಸಂಬಂಧಿಸಿದ ಕಲಮುಗಳು ಕೂಡಲೇ ಜಾರಿಯಾದವು. ನಮ್ಮ ಪರವಾಗಿ ಒಪ್ಪಿಗೆಗಳನ್ನು ನಿಭಾಯಿಸುವ ಮಧ್ಯವರ್ತಿ ಸಂಸ್ಥೆಗಳ ನೋಂದಣಿ ಒಂದು ವರ್ಷದ ನಂತರ, ಅಂದರೆ 2026ರ ನವೆಂಬರ್‌ನಲ್ಲಿ. ಜನರಿಗೆ ನಿಜವಾಗಿ ಬೇಕಾದದ್ದು ಕೊನೆಯ ಕಂತಿನಲ್ಲಿದೆ: ಒಪ್ಪಿಗೆ ಕೇಳುವುದು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವುದು, ಮಾಹಿತಿ ತಿದ್ದಿಸುವುದು, ಅಳಿಸುವುದು, ಸೋರಿಕೆಯಾದರೆ ನಮಗೆ ತಿಳಿಸುವುದು. ಇವೆಲ್ಲ ಹದಿನೆಂಟು ತಿಂಗಳ ನಂತರ, 2027ರ ಮೇ ಮಧ್ಯಭಾಗಕ್ಕೆ. ಆದರೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿಗೆ ಇದೇ ಕಾಯ್ದೆ ಮಾಡಿದ ತಿದ್ದುಪಡಿ ಮಾತ್ರ ಮೊದಲ ಕಂತಿನಲ್ಲೇ ಜಾರಿಗೆ ಬಂತು. ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಹಿತವಿದ್ದರೆ ಕೊಡಬೇಕು ಎಂಬ ಮಾತು ಆ ಕಲಮಿನೊಳಗೇ ಇತ್ತು. ಈಗ ಅಲ್ಲಿಂದ ಹೋಗಿದೆ. ನಾಗರಿಕನ ಕೈಗೆ ಬರಬೇಕಾದ ಬೀಗದ ಕೈ ಕೊನೆಗೆ ಬರುತ್ತದೆ, ಕಚೇರಿಯ ಬಾಗಿಲಿಗೆ ಬೀಗ ಮೊದಲೇ ಬಿದ್ದಿದೆ.

ಇದಕ್ಕೊಂದು ಆಕ್ಷೇಪವುಂಟು. ಸೇಡಂನ ಚಿಕ್ಕ ನರ್ಸಿಂಗ್ ಹೋಮೋ ವಾಡಿಯ ಪತ್ತಿನ ಸಹಕಾರ ಸಂಘವೋ ತನ್ನ ಕಂಪ್ಯೂಟರು, ಅರ್ಜಿ ನಮೂನೆ, ಸಿಬ್ಬಂದಿಯನ್ನು ಸಜ್ಜುಮಾಡಿಕೊಳ್ಳಲು ಸಮಯ ಬೇಡವೇ? ಖಂಡಿತ ಬೇಕು. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದಾದ ಕಾನೂನನ್ನು ರಾತ್ರೋರಾತ್ರಿ ಹೇರುವುದು ನ್ಯಾಯವಲ್ಲ. ಆದರೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದು 2017ರ ಆಗಸ್ಟ್ 24ರಂದು. ಅಲ್ಲಿಂದ 2027ಕ್ಕೆ ಹತ್ತು ವರ್ಷವಾಗುತ್ತದೆ. ಸಂಸ್ಥೆಗಳಿಗೆ ಕೊಟ್ಟ ಸಾವಧಾನವನ್ನು ಮಾಹಿತಿ ಹಕ್ಕಿನ ತಿದ್ದುಪಡಿಗೂ ಕೊಡಬಹುದಿತ್ತು. ಇನ್ನು ಮಾಹಿತಿ ಹಕ್ಕಿನಡಿ ಫಲಾನುಭವಿಗಳ ಪಟ್ಟಿ ಕೇಳಿದಾಗ ಕಚೇರಿಯವರು ‘ಹೊಸ ಕಾನೂನು ಬಂದಿದೆ, ಕೊಡಲಾಗದು’ ಎಂದರೆ ಅಷ್ಟಕ್ಕೇ ವಾಪಸು ಬರಬೇಕಿಲ್ಲ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದೆನ್ನುವ 8(2) ಕಲಮು ಹಾಗೇ ಉಳಿದಿದೆ. ಅರ್ಜಿಯಲ್ಲೇ ಅದನ್ನು ಹೆಸರಿಸಿ, ಹಿತವೇನೆಂದು ಎರಡು ಸಾಲು ಬರೆಯಿರಿ.

ಎರಡನೆಯ ಕೆಲಸ, ನಿಮ್ಮ ಪ್ರಕರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಯೇ ಎಂದು ನೋಡುವುದು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿರುವ ಹೆಸರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅದೇ ಹೆಸರು ಕಂಪ್ಯೂಟರಿಗೆ ಏರಿತೆಂದರೆ ಅನ್ವಯಿಸುತ್ತದೆ. ಮನೆಯ ಮಟ್ಟಿಗೆ ಫೋನಿನಲ್ಲಿ ಬರೆದಿಟ್ಟುಕೊಂಡ ನಂಬರುಗಳಿಗೆ ಅನ್ವಯವಿಲ್ಲ. ಹೊರದೇಶದ ಕಂಪನಿಯಾದರೂ ಇಲ್ಲಿಯವರಿಗೆ ಸರಕು, ಸೇವೆ ಮಾರುವುದಾದರೆ ತಪ್ಪಿಸಿಕೊಳ್ಳುವಂತಿಲ್ಲ. ಸಬ್ಸಿಡಿ, ಸವಲತ್ತು ಕೊಡಲು ಸರ್ಕಾರ ಮಾಹಿತಿ ಬಳಸುವಾಗ ಪ್ರತ್ಯೇಕ ಒಪ್ಪಿಗೆ ಬೇಕಾಗುವುದಿಲ್ಲ. ಗೃಹಲಕ್ಷ್ಮಿಯಂಥ ಸವಲತ್ತಿಗೆ ಕೊಟ್ಟ ದಾಖಲೆಯನ್ನೂ ಸಾಲದ ಆ್ಯಪ್‌ಗೆ ಕೊಟ್ಟ ದಾಖಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೇ 2027 ಇನ್ನೂ ದೂರವಿದೆ, ಈಗಲೇ ಮಾಡುವುದೇನಿದೆ ಎನ್ನುವುದು ಇನ್ನೊಂದು ಆಕ್ಷೇಪ. ಮಾಡುವುದಿದೆ, ಏಕೆಂದರೆ ಹಳೆಯ ಒಪ್ಪಿಗೆಗಳನ್ನೂ ಹೊಸ ಕಾಯ್ದೆ ಹಿಡಿಯುತ್ತದೆ. ಜಾರಿಗೆ ಮೊದಲು ನೀವು ಒಪ್ಪಿಗೆ ಕೊಟ್ಟಿದ್ದರೂ, ಯಾವ ಮಾಹಿತಿ ಯಾತಕ್ಕೆ ಎಂಬ ತಿಳಿವಳಿಕೆ ಪತ್ರವನ್ನು ಸಂಸ್ಥೆ ಆಮೇಲೆ ನಿಮಗೆ ಕಳಿಸಲೇಬೇಕು. ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಕೇಳಬಹುದು. ಕನ್ನಡ, ಉರ್ದು, ತೆಲುಗು, ಮರಾಠಿ ಮಾತಾಡುವ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. ಆದರೆ ಎಲ್ಲೆಲ್ಲಿ ಏನೇನು ಕೊಟ್ಟಿದ್ದೀರೆಂದು ನಿಮಗೇ ನೆನಪಿಲ್ಲದಿದ್ದರೆ ಯಾರನ್ನು ಕೇಳುತ್ತೀರಿ? ಆದ್ದರಿಂದ ಒಂದು ನೋಟ್‌ಬುಕ್ ಇಡಿ: ದಿನಾಂಕ, ಸಂಸ್ಥೆ, ಕೊಟ್ಟ ದಾಖಲೆ, ಕಾರಣ. ಝೆರಾಕ್ಸ್ ಪ್ರತಿಯ ಮೇಲೆ ಅಡ್ಡಲಾಗಿ ಉದ್ದೇಶ ಮತ್ತು ತಾರೀಖು ಬರೆದು ಸಹಿ ಹಾಕಿ. ಒಪ್ಪುವ ಕಡೆ ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರೆ ಕೆಲಸ ಮುಗಿದ ಮೇಲೆ ಅಳಿಸಿರೆಂದು ಅಲ್ಲೇ ಬರೆದು ಕೇಳಿ, ಅದೂ ದಾಖಲೆಯೇ.

ದೂರಿನ ದಾರಿ ಮೇ 2027ರ ನಂತರ ಹೀಗಿರುತ್ತದೆ: ಮೊದಲು ಸಂಸ್ಥೆಗೇ ಬರೆಯಬೇಕು, ಅದು ಹೆಚ್ಚೆಂದರೆ 90 ದಿನದೊಳಗೆ ಉತ್ತರಿಸಬೇಕು, ಆಮೇಲೆ ಮಂಡಳಿ. ಮಂಡಳಿಯ ಕೆಲಸವೆಲ್ಲ ಆನ್‌ಲೈನ್, ದೆಹಲಿಗೆ ಟಿಕೆಟ್ ತೆಗೆಸಬೇಕಿಲ್ಲ. ಸುಳ್ಳು ದೂರಿಗೆ ದೂರುದಾರನಿಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಸಂಸ್ಥೆ ಕಟ್ಟುವ ದಂಡವಾದರೋ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ನಷ್ಟವಾದವರ ಕೈಗೆ ಅದರಲ್ಲಿ ಬಿಡಿಗಾಸೂ ಬರುವುದಿಲ್ಲ. ಪರಿಹಾರಕ್ಕೆ ಈಗ ಇರುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು. ಹೊಸ ಕಾಯ್ದೆ ಪೂರ್ತಿ ಜಾರಿಯಾದ ದಿನ ಅದು ರದ್ದಾಗುತ್ತದೆ. ಕಂಪನಿಯ ಅಜಾಗ್ರತೆಯಿಂದ ನಿಮ್ಮ ಬ್ಯಾಂಕ್ ವಿವರ ಸೋರಿ ನಷ್ಟವಾಗಿದ್ದರೆ ಹೊಸ ಕಾನೂನಿಗಾಗಿ ಕಾಯದೆ ಆ ಕಲಮಿನಡಿ ಈಗಲೇ ಅರ್ಜಿ ಹಾಕಿ. ಖಾತೆಯಿಂದ ದುಡ್ಡೇ ಹೋಗಿದ್ದರೆ ಈ ಯಾವ ದಿನಾಂಕದ ಲೆಕ್ಕವೂ ಬೇಡ, ಮೊದಲು 1930ಕ್ಕೆ ಫೋನ್ ಮಾಡಿ.