ತಜ್ಞಸಾಕ್ಷಿಯ ಅನ್ವೇಷಣೆ

ವೈದ್ಯಕೀಯ ನಿರ್ಲಕ್ಷ್ಯದ ದೂರುಗಳನ್ನು ಗ್ರಾಹಕ ಆಯೋಗಗಳ ಮುಂದೆ ನಡೆಸುತ್ತ ಬಂದಿರುವ ವಕೀಲನಾದ ನನಗೆ, ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಪ್ರಕರಣಗಳಷ್ಟು ತಜ್ಞಸಾಕ್ಷಿಯನ್ನೇ ನೆಚ್ಚಿ ನಿಲ್ಲುವಂಥವು ವಿರಳವಾಗಿ ಕಂಡಿವೆ. ಪ್ರತಿಯೊಂದು ದೂರಿಗೂ ತಜ್ಞರ ಅಭಿಪ್ರಾಯ ಅನಿವಾರ್ಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2010ರ ಕಿಶನ್ ರಾವ್ ಪ್ರಕರಣದಲ್ಲಿ ಹೇಳಿರುವುದು ನಿಜ. ಹೊಟ್ಟೆಯೊಳಗೆ ಬಟ್ಟೆಯನ್ನು ಮರೆತು ಹೊಲಿದರೆ ಅದಕ್ಕೆ ಬೇರೆ ಸಾಕ್ಷಿ ಬೇಕಾಗದು. ಆದರೆ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು ಉಳಿದುದನ್ನು ಸ್ಟೇಪಲ್‌ಗಳಿಂದ ಮುಚ್ಚುವ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ, ಆ ಅಂಚು ಸೋರಿತೆಂಬ ಮಾತ್ರಕ್ಕೆ ನಿರ್ಲಕ್ಷ್ಯವು ಸಿದ್ಧವಾಗದು. ಅತ್ಯಂತ ನಿಪುಣರ ಕೈಯಲ್ಲಿಯೂ ಅದು ಸಂಭವಿಸಬಹುದು. ಸೋರಿಕೆಯನ್ನು ಯಾವಾಗ ಶಂಕಿಸಬೇಕಾಗಿತ್ತು, ಶಂಕಿಸಿದ ಮೇಲೆ ಏನು ಮಾಡಬೇಕಾಗಿತ್ತು ಎಂಬುದೇ ವಿಚಾರಣೆಯ ತಿರುಳು.

ಅಂತಹ ಒಂದು ಕಡತವನ್ನು ಓದಿದ ಹಿರಿಯ ಸಾಮಾನ್ಯ ಶಸ್ತ್ರಚಿಕಿತ್ಸಕರೊಬ್ಬರು, ಜ್ವರವಿರಲಿಲ್ಲ, ಹೊಟ್ಟೆಯೂ ಮೃದುವಾಗಿತ್ತು, ಆದುದರಿಂದ ಸಂದೇಹಕ್ಕೆ ಆಸ್ಪದವೇ ಇರಲಿಲ್ಲವೆಂದರು. ಬೇರಿಯಾಟ್ರಿಕ್, ಎಂದರೆ ತೂಕ ಇಳಿಸುವ, ಶಸ್ತ್ರಚಿಕಿತ್ಸೆಯನ್ನೇ ನಿತ್ಯದ ಕಾಯಕವಾಗಿಸಿಕೊಂಡಿದ್ದ ಮತ್ತೊಬ್ಬರು ಡಿಸ್ಚಾರ್ಜ್ ಸಾರಾಂಶವನ್ನು ಬದಿಗಿರಿಸಿ, ನರ್ಸುಗಳು ಬರೆದಿಟ್ಟ ರಾತ್ರಿಯ ಹಾಳೆಯನ್ನು ತೆರೆದು, ನಾಡಿಬಡಿತದ ಅಂಕಿಗಳ ಮೇಲೆ ಬೆರಳಿಟ್ಟರು: 98, 114, 126. "ವಕೀಲರೇ, ಸ್ಥೂಲಕಾಯರಲ್ಲಿ ಹೊಟ್ಟೆಯ ಬಿಗಿತ ಕೈಗೆ ಸಿಗದೆ ಹೋಗಬಹುದು, ಜ್ವರ ಬಾರದೆಯೂ ಇರಬಹುದು. ಮೊದಲು ಹೇಳುವುದು ನಾಡಿ. ಅದು 120 ದಾಟಿ ಇಳಿಯದಿದ್ದರೆ ನಾವು ಬೆಳಗಾಗಲೆಂದು ಕಾಯುವುದಿಲ್ಲ," ಎಂದರು. ಹಿರಿತನಕ್ಕಿಂತ ಆ ಶಸ್ತ್ರಚಿಕಿತ್ಸೆಯ ನಿತ್ಯಾಭ್ಯಾಸವೇ ಸಾಕ್ಷಿಯ ಪ್ರಥಮ ಯೋಗ್ಯತೆಯೆಂಬುದು ನನಗೆ ಅಂದು ಮನವರಿಕೆಯಾಯಿತು.

ಹಾನಿಯ ಸ್ವರೂಪವನ್ನರಿತು ಸಾಕ್ಷಿಯನ್ನು ಅರಸುವುದೂ ಅಷ್ಟೇ ಅವಶ್ಯಕ. ತೂಕ ಇಳಿಸಲು ಜಠರದ ಬೈಪಾಸ್ ಆದ ವರ್ಷಗಳ ಅನಂತರ ಕರುಳು ಒಳಸಂದಿಯಲ್ಲಿ ಸಿಲುಕಿದ್ದರೆ ಸ್ಕ್ಯಾನ್ ಓದಬಲ್ಲ ರೇಡಿಯಾಲಜಿಸ್ಟರ ನೆರವು ಬೇಕು. ಎಡೆಬಿಡದ ವಾಂತಿಯಿಂದ ಥಯಾಮಿನ್ ಕುಗ್ಗಿ ಮೆದುಳಿಗೆ ಪೆಟ್ಟು ಬಿದ್ದಿದ್ದರೆ ನರರೋಗತಜ್ಞರ ಮಾತೂ ಬೇಕು. ಒಂದೇ ಊರಿನ ವೈದ್ಯರು ಸಹೋದ್ಯೋಗಿಯ ವಿರುದ್ಧ ನುಡಿಯಲು ಹಿಂಜರಿಯುವುದು ಸಹಜವಾದುದರಿಂದ, ನಾನು ಪರಸ್ಥಳದ ವೈದ್ಯಕೀಯ ಕಾಲೇಜುಗಳ ಪ್ರಾಧ್ಯಾಪಕರಿಗೆ ಬರೆಯುತ್ತೇನೆ. ಬರೆಯುವ ಮುನ್ನ, ಬೇಡಿಕೆಯಿತ್ತ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕೆಂಬ 2002ರ ವೈದ್ಯಕೀಯ ನಿಯಮಾವಳಿಯನ್ನು ಉಲ್ಲೇಖಿಸಿ, ಆಸ್ಪತ್ರೆಯಿಂದ ಸಂಪೂರ್ಣ ಕಡತವನ್ನೇ ತರಿಸಿಕೊಳ್ಳುತ್ತೇನೆ. ನಮ್ಮ ಆರೋಪವನ್ನು ಮೊದಲೇ ತಿಳಿಸದೆ, ಚಿಕಿತ್ಸೆ ಯುಕ್ತವಾಗಿತ್ತೆ, ಅಲ್ಲವಾದರೆ ಆ ಲೋಪದಿಂದಲೇ ಹಾನಿಯಾಯಿತೆ ಎಂಬೆರಡನ್ನು ಬೇರೆಬೇರೆಯಾಗಿ ಕೇಳುತ್ತೇನೆ.

ಚಿಕಿತ್ಸೆ ಯುಕ್ತವಾಗಿಯೇ ಇತ್ತೆಂದು ತಜ್ಞರು ಬರೆದರೆ ಆ ಪತ್ರವನ್ನು ಕುಟುಂಬದವರ ಮುಂದಿಟ್ಟು, ದಾವೆ ಬೇಡವೆಂದು ಬಿಡಿಸಿ ಹೇಳುವುದು ನನ್ನ ಧರ್ಮ. ಇಂದು ಪ್ರತಿಕೂಲವಾದ ಸತ್ಯವನ್ನು ನಮಗೆ ನೇರವಾಗಿ ಬರೆಯಬಲ್ಲವರೇ, ನಾಳೆ ಅನುಕೂಲವಾದ ಸತ್ಯವನ್ನು ಪಾಟೀಸವಾಲಿನ ಎದುರು ಎತ್ತಿಹಿಡಿಯಬಲ್ಲರು.