ಥೈರಾಯ್ಡ್ ಮಂದವಾದರೆ ಬಿಪಿ, ಸಕ್ಕರೆ, ಕೊಬ್ಬಿನ ಮೇಲೂ ಕಣ್ಣಿಡಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬರುವ ಅನೇಕರ ಬಳಿ ಥೈರಾಯ್ಡ್‌ಗೆ ಒಂದು ಚೀಟಿ, ಬಿಪಿಗೆ ಒಂದು, ಸಕ್ಕರೆಗೆ ಮತ್ತೊಂದು ಇರುತ್ತದೆ. ಇವು ಸಂಬಂಧವಿಲ್ಲದ ಕಾಯಿಲೆಗಳೆಂದು ತಿಳಿಯಬೇಡಿ.

ನಂಟು ಹೇಗೆ?
ಥೈರಾಯ್ಡ್ ಗ್ರಂಥಿ ಕತ್ತಿನ ಮುಂಭಾಗದಲ್ಲಿದೆ. ತಿಂದ ಆಹಾರವನ್ನು ದೇಹ ಎಷ್ಟು ಚುರುಕಾಗಿ ಬಳಸಬೇಕೆಂಬುದು ಇದರ ಹಾರ್ಮೋನಿನ ಹತೋಟಿಯಲ್ಲಿದೆ. ಹಾರ್ಮೋನು ಕಡಿಮೆಯಾದರೆ ಒಲೆಯ ಉರಿ ತಗ್ಗಿದಂತೆ. ಸುಸ್ತು, ಚಳಿ, ಮಲಬದ್ಧತೆ, ಮುಟ್ಟಿನ ಏರುಪೇರು ಕಾಣಬಹುದು. ಯಕೃತ್ತು ಕೆಟ್ಟ ಕೊಲೆಸ್ಟ್ರಾಲನ್ನು ರಕ್ತದಿಂದ ತೆಗೆಯುವುದು ನಿಧಾನವಾಗುತ್ತದೆ. ರಕ್ತನಾಳಗಳು ಬಿಗಿಯಾಗಿ ಬಿಪಿ ಏರಬಹುದು. ಇನ್ಸುಲಿನ್ ಕೆಲಸವೂ ಮಂದವಾಗಬಹುದು.

ಮೆಟಬಾಲಿಕ್ ಸಿಂಡ್ರೋಮ್ ಎಂದರೇನು?
ಕೆಳಗಿನ ಐದರಲ್ಲಿ ಮೂರು ಇದ್ದರೆ ಈ ಹೆಸರು:
1. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಅಥವಾ ಹೆಚ್ಚು
2. ಬಿಪಿ 130/85 ಅಥವಾ ಹೆಚ್ಚು
3. ಬರಿಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು
4. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು
5. ಒಳ್ಳೆಯ ಕೊಲೆಸ್ಟ್ರಾಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ

ಇವು ಕೂಡಿದಾಗ ಹೃದಯಾಘಾತ, ಲಕ್ವ, ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು. ಥೈರಾಯ್ಡ್ ಇರುವವರಿಗೆಲ್ಲ ಹೀಗಾಗುತ್ತದೆ ಎಂದಲ್ಲ. ತಪಾಸಣೆ ಮಾತ್ರ ತಪ್ಪಿಸಬೇಡಿ. ಕೊಲೆಸ್ಟ್ರಾಲ್ ಹೆಚ್ಚಿದ್ದರೆ ಟಿಎಸ್‌ಹೆಚ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.

ಮಾತ್ರೆ ನುಂಗುವ ಕ್ರಮ
• ನಮ್ಮ ಕಡೆ ಎದ್ದ ಕೂಡಲೇ ಕಾಫಿ ಕುಡಿಯುವುದು ರೂಢಿ. ಥೈರಾಕ್ಸಿನ್ ಮಾತ್ರೆಯನ್ನು ಕಾಫಿಯೊಡನೆ ನುಂಗಿದರೆ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ ತೆಗೆದುಕೊಳ್ಳಿ.
• ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ.
• ಮಾತ್ರೆಯ ಪ್ರಮಾಣ ಬದಲಾದರೆ 6ರಿಂದ 8 ವಾರಗಳ ಬಳಿಕ ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯಾದರೆ ತಡಮಾಡದೆ ವೈದ್ಯರಿಗೆ ತಿಳಿಸಿ.
• ತೂಕ ಇಳಿಯಲೆಂದು ಹೆಚ್ಚು ಮಾತ್ರೆ ನುಂಗಬೇಡಿ. ಎದೆಬಡಿತ ಏರುಪೇರಾಗಿ, ಮೂಳೆ ಸವೆಯಬಹುದು.
• ಥೈರಾಯ್ಡ್ ಹತೋಟಿಗೆ ಬಂತೆಂದು ಬಿಪಿ, ಸಕ್ಕರೆ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ.

ಊಟ, ನಡಿಗೆ
ರಾಗಿ ಮುದ್ದೆಯೂ ಮಿತಿಯಲ್ಲಿರಲಿ. ಸೊಪ್ಪು, ಕಾಳು, ತರಕಾರಿ ಹೆಚ್ಚಿರಲಿ. ಕರಿದ ತಿಂಡಿ, ಸಿಹಿ, ಉಪ್ಪು ಕಡಿಮೆ ಮಾಡಿ. ಬಳಸುವ ಉಪ್ಪು ಅಯೋಡಿನ್‌ಯುಕ್ತವಾಗಿರಲಿ. ವಾರದಲ್ಲಿ 5 ದಿನ, ದಿನಕ್ಕೆ 30 ನಿಮಿಷ ಬಿರುಸಾಗಿ ನಡೆಯಿರಿ.

ಮನೆಯವರಿಗೆ ಒಂದು ಮಾತು
ಸದಾ ಸುಸ್ತೆನ್ನುವ ತಾಯಿಯನ್ನೋ ಸೊಸೆಯನ್ನೋ 'ಸೋಮಾರಿ' ಎಂದು ಜರಿಯಬೇಡಿ, ಪರೀಕ್ಷೆಗೆ ಕರೆತನ್ನಿ. ಬರುವಾಗ ಎಲ್ಲ ಚೀಟಿ, ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ತಂದು ವೈದ್ಯರಿಗೆ ತೋರಿಸಿ.