ಏರು ಹತ್ತುವಾಗ ಮೀನಖಂಡ ಹಿಡಿಯುವುದೇಕೆ?

ತೋಟದ ಮೇಲಿನ ಪಟ್ಟಿಗೆ ಹೊರಟು ಅರ್ಧ ಏರು ಹತ್ತುವಷ್ಟರಲ್ಲಿ ಮೀನಖಂಡ ಕಲ್ಲಿನಂತೆ ಬಿಗಿಯುತ್ತದೆ. ಸಿಲ್ವರ್ ಮರಕ್ಕೊರಗಿ ನಾಲ್ಕು ನಿಮಿಷ ನಿಂತರೆ ಬಿಡುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಐವತ್ತು ದಾಟಿದ ನಮ್ಮ ಬೆಳೆಗಾರ ಬಾಂಧವರಲ್ಲಿ ಹಲವರು ಇದನ್ನು ವಾತವೆಂದೋ ವಯಸ್ಸೆಂದೋ ತಿಳಿದು ಸುಮ್ಮನಾಗುವುದುಂಟು. ನಮ್ಮ ನೆರೆಯ ಹಿರಿಯರೊಬ್ಬರು ಹೀಗೆ ಎರಡು ವರ್ಷ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕಳೆದರು. ಕೊನೆಗೆ ಮುಳ್ಳು ಚುಚ್ಚಿದ ಸಣ್ಣ ಗಾಯ ಮಾಯದೆ ಕಪ್ಪಾಗಿ, ಮೂರು ಬೆರಳು ತೆಗೆಸಬೇಕಾಯಿತು. ಅವರಿಗೆ ಬೀಡಿ, ಸಕ್ಕರೆ ಕಾಯಿಲೆ ಎರಡೂ ಇದ್ದವು.

ಇದು ಕಾಲಿಗೆ ಶುದ್ಧರಕ್ತ ಒಯ್ಯುವ ನಾಳಗಳ ರೋಗ. ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಹಾಕುವಾಗ ಪೈಪಿನೊಳಗೆ ಕಸ ಕಟ್ಟಿಕೊಂಡಿದ್ದರೆ ಏನಾಗುತ್ತದೆಂದು ನಮಗೆ ಗೊತ್ತು. ಒಂದು ಜೆಟ್ ತಿರುಗಿಸಿದರೆ ನೀರು ಬರುತ್ತದೆ, ನಾಲ್ಕು ತಿರುಗಿಸಿದರೆ ಸಾಲುವುದಿಲ್ಲ. ನಾಳದ ಒಳಗೋಡೆಗೆ ಕೊಬ್ಬು, ಸುಣ್ಣ ಕಟ್ಟಿ ದಾರಿ ಕಿರಿದಾದಾಗಲೂ ಹೀಗೆಯೇ. ಕುಳಿತಾಗ ರಕ್ತ ಸಾಕು, ಏರು ಹತ್ತುವಾಗ ಸಾಲದು.

ಬೆನ್ನುಮೂಳೆಯ ನರ ಒತ್ತಿದರೂ ನಡೆಯುವಾಗ ಕಾಲು ನೋಯುವುದುಂಟು. ಆದರೆ ಆ ನೋವು ಬರೇ ನಿಂತರೆ ಹೋಗದು, ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ರಕ್ತದ ಕೊರತೆಯ ನೋವು ನಿಂತರೆ ಸಾಕು, ಇಳಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ನರ ಮರಗಟ್ಟಿ ನೋವೇ ತಿಳಿಯದಿರಬಹುದು. ಅವರು ನೋವಿಗೆ ಕಾಯದೆ ವರ್ಷಕ್ಕೊಮ್ಮೆಯಾದರೂ ಪಾದ ತೋರಿಸಬೇಕು. ಪರೀಕ್ಷೆ ಸುಲಭ. ಹರಡಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸುತ್ತಾರೆ. ಅನುಪಾತ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ರೋಗವಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ ಅಂಕಿ ಹುಸಿಯಾಗಿ ಏರುವುದರಿಂದ ಬೆರಳಿನ ಒತ್ತಡವನ್ನೂ ನೋಡಬೇಕಾಗಬಹುದು.

ಮೊದಲ ಚಿಕಿತ್ಸೆ ಹೊಗೆ ಬಿಡುವುದು. ಕಡಿಮೆ ಮಾಡಿದೆವೆಂದರೆ ಸಾಲದು, ಪೂರ್ತಿ ಬಿಡಬೇಕು. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪೂ ಬೇಡ. (ಅಡಿಕೆ ಬೆಳೆಯುವ ನಾವೇ ಇದನ್ನು ಹೇಳಬೇಕಾಗಿದೆ!) ಸಕ್ಕರೆ ಕಾಯಿಲೆ, ರಕ್ತದೊತ್ತಡ ಹತೋಟಿಯಲ್ಲಿರಬೇಕು. ಕೊಬ್ಬಿಳಿಸುವ ಸ್ಟಾಟಿನ್, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ವೈದ್ಯರು ಬರೆದುಕೊಟ್ಟರೆ, ನೋವು ಇಳಿಯಿತೆಂದು ನಿಲ್ಲಿಸಬಾರದು. ಕಾಲಿನ ನಾಳ ಕಟ್ಟಿದವರಿಗೆ ಹೃದಯ, ಮೆದುಳಿನ ನಾಳಗಳೂ ಕಟ್ಟುವ ಭಯ ಹೆಚ್ಚು. ಆ ಮಾತ್ರೆಗಳು ಅದಕ್ಕೂ ಬೇಕು.

ಎರಡನೆಯದು ನಡಿಗೆ. "ದಿನವಿಡೀ ತೋಟದಲ್ಲಿ ಓಡಾಡುತ್ತೇವಲ್ಲ" ಎನ್ನಬಹುದು. ಅದು ನಿಂತು ನಿಂತು ಮಾಡುವ ಓಡಾಟ, ಲೆಕ್ಕಕ್ಕಿಲ್ಲ. ಸಮತಟ್ಟಾದ ರಸ್ತೆಯಲ್ಲಿ, ನೋವು ಸಾಕಷ್ಟು ಜೋರಾಗುವವರೆಗೆ ನಡೆದು, ನಿಂತು, ಪೂರ್ತಿ ಇಳಿದ ಮೇಲೆ ಮತ್ತೆ ನಡೆಯಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, 12 ವಾರ. ಕಟ್ಟಿದ ನಾಳ ಇದರಿಂದ ತೆರೆಯದು. ಆದರೆ ಸ್ನಾಯು ಇದ್ದ ರಕ್ತವನ್ನೇ ಚೆನ್ನಾಗಿ ಬಳಸಲು ಕಲಿಯುತ್ತದೆ, ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ. ಎದೆನೋವು ಅಥವಾ ಕಾಲಿನಲ್ಲಿ ಗಾಯವಿದ್ದವರು ವೈದ್ಯರನ್ನು ಕೇಳದೆ ಆರಂಭಿಸಬಾರದು.

ಪಾದಗಳನ್ನು ಪ್ರತಿ ಸಂಜೆ ಬೆಳಕಿನಲ್ಲಿ ನೋಡಿಕೊಳ್ಳಿ. ಮಳೆಗಾಲದಲ್ಲಿ ಗಂಬೂಟಿನೊಳಗೆ ನೆನೆದ ಬೆರಳ ಸಂದು, ಉಂಬಳ ಕಚ್ಚಿದ ಜಾಗ, ಚಪ್ಪಲಿ ತಿಂದ ಹಿಮ್ಮಡಿ ಯಾವುದೂ ಸಣ್ಣದಲ್ಲ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಕಾಲು ತಣ್ಣಗಿದೆಯೆಂದು ಬಚ್ಚಲ ಒಲೆಗೆ ಹಿಡಿಯುವುದು, ಬಿಸಿನೀರಿನ ಶಾಖ ಕೊಡುವುದು ಬೇಡವೇ ಬೇಡ. ಸುಟ್ಟ ಗಾಯ ಮಾಯಲು ಅಲ್ಲಿ ರಕ್ತವಿಲ್ಲ.

ರಾತ್ರಿ ಮಲಗಿದಾಗ ಪಾದ ಉರಿದು, ಮಂಚದಿಂದ ಕಾಲು ಇಳಿಬಿಟ್ಟರೆ ಹಾಯೆನಿಸಿದರೆ, ಅಥವಾ ಗಾಯ ಎರಡು ವಾರದಲ್ಲಿ ಮಾಯದಿದ್ದರೆ ತಡಮಾಡದೆ ರಕ್ತನಾಳದ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು. ಬಲೂನ್ ಹಾಕಿ ನಾಳ ಅಗಲಿಸುವ, ಇಲ್ಲವೇ ಬೈಪಾಸ್ ಮಾಡುವ ಚಿಕಿತ್ಸೆಯಿಂದ ಕಾಲು ಉಳಿಯಬಹುದು. ಕಾಲು ಇದ್ದಕ್ಕಿದ್ದಂತೆ ಬಿಳಿಚಿ, ತಣ್ಣಗಾಗಿ, ಸ್ಪರ್ಶ ತಪ್ಪಿದರೆ ಮಾತ್ರ ಗಂಟೆಗಳ ಲೆಕ್ಕ. ಸುಮಾರು 6 ಗಂಟೆ ಮೀರಿದರೆ ಕಾಲು ಉಳಿಸುವುದು ಕಷ್ಟ. ಬೆಳಗಾಗಲಿ ಎನ್ನದೆ, ಜೀಪು ಸಿಕ್ಕ ಕೂಡಲೇ ಹೊರಡಬೇಕು.